ರೇಣುಕಾ ನಿಲ್ಲಿಸಿ ಹೋದ ಸೈನ್ಯ

2024ರ ಜುಲೈ ಮೊದಲ ವಾರ, ಧಾರವಾಡದ ಸಪ್ತಾಪುರದಲ್ಲಿ ಖಾಜಾಸಾಬ ಎಂಬುವರು ನಡೆಸುವ ಓದುಕೋಣೆಯ ಕಂಪ್ಯೂಟರಿನಲ್ಲಿ ಐದು ಜನಾಂಗಗಳ ನಡುವೆ ಯುದ್ಧ ಆರಂಭವಾಯಿತು. ನಾಲ್ಕು ಜನಾಂಗಗಳ ಪರವಾಗಿ ಮನುಷ್ಯರು ಆಡುತ್ತಿದ್ದರು. ಐದನೆಯದನ್ನು ಯಂತ್ರವೇ ಆಡುತ್ತಿತ್ತು. ಗಣೇಶನ ಹಬ್ಬ ಬರುವಷ್ಟರಲ್ಲಿ ಮೂರು ರಾಜ್ಯಗಳು ನೆಲಕಚ್ಚಿದ್ದವು.

ಮೊನ್ನೆ ಬೇರೆ ಕೆಲಸಕ್ಕೆ ಆ ಬೀದಿಗೆ ಹೋದವನು ಓದುಕೋಣೆಯ ಮೆಟ್ಟಿಲು ಹತ್ತಿದೆ. ಬೆಸುಗೆಯ ರಾಳ ಕಾಯುವ ವಾಸನೆಯೂ ಒದ್ದೆ ಕೊಡೆಗಳ ವಾಸನೆಯೂ ಬಾಗಿಲಲ್ಲೇ ಒಟ್ಟಿಗೆ ಬಂದವು. ಖಾಜಾಸಾಬರದು ಮೊದಲು ರೇಡಿಯೊ-ಟಿ.ವಿ. ರಿಪೇರಿ ಅಂಗಡಿ. ರಿಪೇರಿಗೆ ಬರುವವರು ಕಡಿಮೆಯಾಗಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಊರಿಗೆ ಬರುವವರು ಹೆಚ್ಚಾದಾಗ ಅವರು ಮೇಲಿನ ಮಹಡಿಗೆ ಬೆಂಚು, ಫ್ಯಾನು, ಟ್ಯೂಬ್‌ಲೈಟು ಹಾಕಿಸಿ ಓದುಕೋಣೆ ಮಾಡಿದರು. ಬೆಸುಗೆ ಕಡ್ಡಿಯನ್ನು ಮಾತ್ರ ಬಿಡಲಿಲ್ಲ. ಬಾಗಿಲ ಪಕ್ಕದ ಮೇಜಿನ ಮೇಲೆ ಯಾರದೋ ಮಿಕ್ಸರಿನದೋ ಟಾರ್ಚಿನದೋ ಹೊಟ್ಟೆ ಸದಾ ತೆರೆದಿರುತ್ತಿತ್ತು. ಅದರ ಬದಿಗೇ ಕಂಪ್ಯೂಟರು. ಅರ್ಜಿ ತುಂಬಲು, ಹಾಲ್ ಟಿಕೆಟ್ ಮುದ್ರಿಸಲು ಅದನ್ನು ಇಟ್ಟಿದ್ದರು.

ನಾನು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಮನೆ ಧಾರವಾಡದಲ್ಲಿ, ಕೆಲಸ ಮಧ್ಯಾಹ್ನದ ನಂತರ. ಆ ಮಳೆಗಾಲದಲ್ಲಿ ನಮ್ಮ ಮೇಲಿನ ಮನೆಯವರು ನೆಲಕ್ಕೆ ಹೊಸ ಫರಸಿ ಹಾಕಿಸುತ್ತಿದ್ದರು. ಕಲ್ಲು ಕೊಯ್ಯುವ ಯಂತ್ರದ ಸದ್ದಿನಲ್ಲಿ ಕೂರಲಾಗದೆ ಬೆಳಗಿನ ಹೊತ್ತಿಗೆ ಓದುಕೋಣೆಯಲ್ಲಿ ಒಂದು ಜಾಗ ಹಿಡಿದೆ. ಬೆಂಚುಗಳೆಲ್ಲ ಭರ್ತಿಯಾಗಿದ್ದರಿಂದ ಖಾಜಾಸಾಬ ನನ್ನನ್ನು ಕಂಪ್ಯೂಟರಿನ ಪಕ್ಕಕ್ಕೇ ಕೂರಿಸಿದರು. ಹಾಗಾಗಿ ಯುದ್ಧವನ್ನು ಮೊದಲ ದಿನದಿಂದ ನೋಡಿದವನು ನಾನು.

ಆಟ ಪುಕ್ಕಟೆ ಸಿಗುವಂಥದ್ದು. ಹಿಂದೊಮ್ಮೆ ಅಲ್ಲಿ ಓದುತ್ತಿದ್ದ ಎಂಜಿನಿಯರಿಂಗ್ ಹುಡುಗನೊಬ್ಬ ಹಾಕಿಟ್ಟು ಹೋಗಿದ್ದ. ಪರದೆಯ ಮೇಲೆ ಒಂದು ನಕಾಶೆ. ಅದರ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಗುಡ್ಡ, ಕಾಡು, ಹೊಳೆ, ಜವುಗು. ಪ್ರತಿ ಜನಾಂಗಕ್ಕೆ ಒಂದು ಕೋಟೆ, ಒಬ್ಬ ನಾಯಕ. ಹಳ್ಳಿಗಳನ್ನು ಹಿಡಿದರೆ ವರಮಾನ ಬರುತ್ತದೆ, ವರಮಾನದಿಂದ ಸೈನಿಕರು ಬರುತ್ತಾರೆ. ನಿಮ್ಮ ಸೈನಿಕರ ಕಣ್ಣಿಗೆ ಬೀಳುವಷ್ಟು ನೆಲ ಮಾತ್ರ ನಿಮಗೆ ಕಾಣುತ್ತದೆ, ಉಳಿದದ್ದೆಲ್ಲ ಮಂಜು. ಅವಸರವೆಂಬುದು ಈ ಆಟದಲ್ಲಿಲ್ಲ. ನೀವು ಎಷ್ಟು ಹೊತ್ತು ಯೋಚಿಸಿದರೂ ಎದುರಾಳಿ ಎತ್ತಿದ ಕತ್ತಿ ಎತ್ತಿಕೊಂಡೇ ನಿಂತಿರುತ್ತಾನೆ. ನೀವು ಪಾಳಿ ಮುಗಿಸುವ ಗುಂಡಿ ಒತ್ತಿದ ಮೇಲೆ ಅವನ ಪಾಳಿ.

"ಓದಾವ್ರಿಗೆ ಇಂಥಾ ಆಟಾನ ಛಲೋರಿ," ಎಂದು ಖಾಜಾಸಾಬ ನನಗೆ ಹೇಳಿದ್ದರು. "ಬಾಕಿ ಆಟದಾಗ ಕೈ ಓಡ್ತತಿ. ಇದರಾಗ ತಲಿ ಓಡ್ತತಿ, ಕೈ ಸುಮ್ನ ಕುಂತಿರ್ತತಿ."

ಕಟ್ಟಳೆ ಅವರೇ ಮಾಡಿದ್ದು. ದಿನಕ್ಕೆ ಒಬ್ಬರಿಗೆ ಒಂದೇ ಪಾಳಿ, ಬೆಳಗಿನ ಚಹಾದ ಹೊತ್ತಿಗೆ. ಒಂದೇ ಕಂಪ್ಯೂಟರಿನ ಮುಂದೆ ಒಬ್ಬರಾದ ಮೇಲೆ ಒಬ್ಬರು ಕೂರಬೇಕು. ಒಬ್ಬರು ಆಡುವಾಗ ಉಳಿದವರು ಪರದೆ ನೋಡಬಾರದು. ಬಾರದವರ ಪಾಳಿಯನ್ನು ಖಾಜಾಸಾಬ ಹಾಗೇ ದಾಟಿಸುತ್ತಾರೆ. ಆಟವನ್ನು ಒಂದು ದಿನವೂ ಮುಚ್ಚಿಡುವಂತಿಲ್ಲ. ಓದುಕೋಣೆಯಾದ್ದರಿಂದ ಯುದ್ಧದ ಮಾತೆಲ್ಲ ಪಿಸುಮಾತಿನಲ್ಲಿ. ಕೋಟೆ ಬಿದ್ದರೂ ಪಿಸುಮಾತೇ. ಗೆದ್ದವನು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದ.

ಜನಾಂಗಗಳ ಇಂಗ್ಲಿಷ್ ಹೆಸರುಗಳನ್ನು ಯಾರೂ ಬಳಸಲಿಲ್ಲ. ಮರಗಳ ನಡುವೆ ಬಾಣ ಬಿಡುವವರು ಅಡವಿಯವರು. ಅವರು ಮಲ್ಲಿಕಾರ್ಜುನನ ಪಾಲು. ಇತಿಹಾಸದಲ್ಲಿ ಎಂ.ಎ. ಮಾಡಿದ ಮಲ್ಲು ಪ್ರತಿ ದಾಳಿಗೂ ಮುನ್ನ ಯಾವುದಾದರೂ ಹಳೆಯ ಕದನವನ್ನು ನೆನಪಿಸಿಕೊಳ್ಳುತ್ತಿದ್ದ. ಬಹುಮಟ್ಟಿಗೆ ಸೋತವರ ಕಡೆಯದನ್ನು. ಕುದುರೆ ದಂಡಿನ ರಾಜರ ಮಂದಿ ಇರ್ಫಾನನ ಪಾಲು. ಅವನು ಬೈರಿದೇವರಕೊಪ್ಪದ ಗ್ಯಾರೇಜ್ ಮೇಸ್ತ್ರಿಯ ಮಗ, ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ, ಮೈದಾನದಲ್ಲಿ ಓಡಿ ಬಂದ ಬೆವರಿನಲ್ಲೇ ಕುದುರೆಗಳನ್ನೂ ಓಡಿಸುತ್ತಿದ್ದ. ಸತ್ತು ಎದ್ದ ಎಲುಬಿನವರನ್ನು ಖಾಜಾಸಾಬ ತಾವೇ ಇಟ್ಟುಕೊಂಡರು. "ಇವ್ರಿಗೆ ಊಟಾ ಬೇಕಿಲ್ಲ, ಮಂಡಿನೋವು ಇಲ್ಲ. ನನಗ ಇವ್ರ ಸರಿ," ಎಂದರು. ಹಸಿರು ಮೈಯ, ದವಡೆ ಹಲ್ಲಿನ ದಂಡು ಯಂತ್ರದ್ದು. ಅದಕ್ಕೆ ಹಸಿರು ಮಂದಿ ಎಂದು ಹೆಸರು. ನನಗೂ ಒಂದು ಜನಾಂಗ ಕೊಡಲು ಇರ್ಫಾನ್ ಹೊರಟಾಗ ಖಾಜಾಸಾಬ ತಡೆದರು. "ಪೇಪರಿನಾವ್ರು ಯಾರ ಕಡೀಗೂ ಇರಬಾರದಪಾ. ಅವ್ರು ನೋಡ್ಲಿ."

ಉಳಿದದ್ದು ಕುಳ್ಳರು. ಗಿಡ್ಡ ಮೈ, ಎದೆಮಟ್ಟದ ಗಡ್ಡ, ಕೈಯಲ್ಲಿ ಕೊಡಲಿ. ನಡಿಗೆ ನಿಧಾನ, ಗುಡ್ಡದಲ್ಲಿ ಗಟ್ಟಿ. ಅವರನ್ನು ಯಾರೂ ಕೇಳಿರಲಿಲ್ಲ. ಅವರು ರೇಣುಕಾ ಅವರಿಗೆ ಬಂದರು.

ರೇಣುಕಾ ಹೆಬ್ಬಳ್ಳಿಯಿಂದ ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಊರಲ್ಲಿ ಮನೆಯ ಮುಂಭಾಗದಲ್ಲೇ ಕಿರಾಣಿ ಅಂಗಡಿ. ಗಂಡ ಸಾಮಾನು ತರಲು ಹುಬ್ಬಳ್ಳಿಗೆ ಓಡಾಡಿಕೊಂಡಿದ್ದರೆ ಅತ್ತೆ ನೀಲವ್ವ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ, ಕೂರುತ್ತಿದ್ದರು. ಮಗಳು ಸಿಂಚನಾ ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸು. ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ರೇಣುಕಾ ಅರ್ಜಿ ಹಾಕಿದ್ದರು. ಹಿಂದಿನ ಪ್ರಯತ್ನಗಳಲ್ಲಿ ಪಟ್ಟಿಯ ಹತ್ತಿರದವರೆಗೆ ಹೋಗಿ ನಿಂತಿದ್ದರು. ವಯಸ್ಸಿನ ಮಿತಿಯ ಪ್ರಕಾರ ಇದು ಅವರಿಗೆ ಕೊನೆಯ ಅವಕಾಶ. ಮುಂದಿನ ಸಲ ಅರ್ಜಿಯೇ ಹೋಗುವುದಿಲ್ಲ. ಇದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ಅರ್ಜಿ ತುಂಬಿಕೊಟ್ಟ ಖಾಜಾಸಾಬರಿಗೆ ಗೊತ್ತಿತ್ತು, ಅವರಿಂದ ನನಗೆ.

ಆಟದಲ್ಲಿ ಅವರು ದಾಳಿಗೆ ಹೋಗುತ್ತಿರಲಿಲ್ಲ. ತಮ್ಮ ಕೋಟೆಯ ಮುಂದಿನ ಗುಡ್ಡಸಾಲನ್ನು ಹಿಡಿದು, ಅದರ ನಡುವಿನ ಕಣಿವೆಯ ಬಾಯಿಯಲ್ಲಿ ಸೈನಿಕರನ್ನು ಜೋಡಿ ಜೋಡಿಯಾಗಿ ನಿಲ್ಲಿಸಿದರು. ಗಾಯಗೊಂಡವನು ಹಿಂದಿನ ಹಳ್ಳಿಗೆ, ಚೇತರಿಸಿಕೊಂಡವನು ಮುಂದಕ್ಕೆ. ಒಬ್ಬಂಟಿ ಸೈನಿಕ ಅವರ ನಕಾಶೆಯಲ್ಲಿ ಎಂದೂ ಕಾಣಲಿಲ್ಲ.

"ಅಕ್ಕಾರ, ಇದು ಯುದ್ಧ ಐತ್ರಿ," ಎಂದು ಮಲ್ಲು ಒಂದು ದಿನ ಪಿಸುಗುಟ್ಟಿದ. "ನೀವು ನೋಡಿದ್ರ ಹಪ್ಪಳಾ ಒಣ ಹಾಕಿದಂಗ ಗುಡ್ಡದ ಮ್ಯಾಲ ಹಚ್ಚಾಕತ್ತೀರಿ."

"ಹಪ್ಪಳಾ ಹಚ್ಚಿದ ಮ್ಯಾಲ ಕಾಗಿ ಕಾಯಬೇಕಲ್ಲಪಾ. ನೀವು ಮೂರು ಮಂದಿ ಅದೀರಲ್ಲ ಕಾಗಿ."

"ಕೆಳಗ ಬರ್ರಿ ಅಕ್ಕಾ, ಬಯಲಾಗ ಒಂದ ಕೈ ನೋಡೂಣು," ಎಂದ ಇರ್ಫಾನ್. "ನನ್ನ ಕುದರಿ ನಿಮ್ಮ ಗುಡ್ಡಾ ಹತ್ತಂಗಿಲ್ಲ."

"ನೀನ ಮ್ಯಾಲ ಬಾ. ಚಹಾ ಕೊಡತೇನಿ."

ಸೈನಿಕರ ಹೆಸರು ಬದಲಿಸಬಹುದೆಂದು ಕಂಡುಹಿಡಿದವರೂ ರೇಣುಕಾ ಅವರೇ. ಕೊಡಲಿ ಹಿಡಿದ ಗಡ್ಡದ ಕುಳ್ಳರೆಲ್ಲ ಗಂಗವ್ವ, ದ್ಯಾಮವ್ವ, ಶಾಂತವ್ವ ಆದರು. ಕಣಿವೆಯ ಬಾಯಿಯಲ್ಲಿ ನಿಂತ, ಎಲ್ಲರಿಗಿಂತ ಅಗಲವಾದ ನಾಯಕನಿಗೆ ನೀಲವ್ವ ಎಂದು ಹೆಸರಿಟ್ಟರು. "ಇವ್ರನ್ನ ದಾಟಿ ಯಾರೂ ಒಳಗ ಬರಂಗಿಲ್ಲ," ಎಂದಷ್ಟೇ ವಿವರಣೆ.

ನಾನು ಗಮನಿಸಿದ್ದು ಅವರ ಪಾಳಿಯ ಕೊನೆಯನ್ನು. ಮಿಕ್ಕವರು ಆಡಬೇಕಾದ್ದನ್ನು ಆಡಿ ಗುಂಡಿ ಒತ್ತಿ ಏಳುತ್ತಿದ್ದರು. ರೇಣುಕಾ ಆಡಿದ ಮೇಲೂ ಸ್ವಲ್ಪ ಹೊತ್ತು ಕೂತು ನಕಾಶೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಏನು ನೋಡುತ್ತೀರಿ ಎಂದು ಕೇಳಿದೆ.

"ನಾಳಿ ಬಸ್ ಬರಲಿಲ್ಲ ಅಂದ್ರರಿ ಸರ," ಎಂದರು. "ನಾ ಇಲ್ಲದಾಗೂ ನಿಂದರಬೇಕಲ್ಲ ಇವ್ರು."

ಜುಲೈ ಪೂರ್ತಿ ಮಳೆ ಬಿಡಲಿಲ್ಲ. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನ ಗಾಜುಗಳ ಹೊರಗೆ ಊರು ಕಾಣುತ್ತಿರಲಿಲ್ಲ. ಓದುಕೋಣೆಯಲ್ಲಿ ಪುಸ್ತಕಗಳ ಹಾಳೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತಿದ್ದವು. ಬಾಗಿಲಲ್ಲಿ ಕಳಚಿಟ್ಟ ಚಪ್ಪಲಿಗಳನ್ನು ನೋಡಿ ಯಾರು ಯಾವ ದಿಕ್ಕಿನ ಊರಿನವರೆಂದು ಹೇಳಬಹುದಿತ್ತು. ಹೆಬ್ಬಳ್ಳಿ ಕಡೆಯವರ ಚಪ್ಪಲಿಗೆ ಎರೆಮಣ್ಣು ದಪ್ಪಗೆ ಹತ್ತಿರುತ್ತಿತ್ತು. ಯುದ್ಧದಲ್ಲಿ ಅಡವಿಯವರೂ ರಾಜರ ಮಂದಿಯೂ ಹೊಳೆಯ ಎರಡು ದಡಗಳಲ್ಲಿ ಕಾದಾಡುತ್ತಿದ್ದರು. ಎಲುಬಿನವರು ಯಾರು ಸೋಲುತ್ತಿದ್ದಾರೋ ಅವರ ಬೆನ್ನಿಗೆ ಬೀಳುತ್ತಿದ್ದರು. ಹಸಿರು ಮಂದಿ ದೂರದ ಮಂಜಿನಲ್ಲಿದ್ದರು. ಅವರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಗಸ್ಟಿನಲ್ಲಿ ಸಹಾಯಕರ ಹುದ್ದೆಯ ಪರೀಕ್ಷೆ ಮುಂದೆ ಹೋಯಿತು. ಆ ಸುದ್ದಿಯನ್ನು ಪುಟಕ್ಕೆ ಹಾಕಿದವನು ನಾನೇ. ಹೊಸ ದಿನಾಂಕ ನಂತರ ತಿಳಿಸಲಾಗುವುದು ಎಂದಿತ್ತು. ಬೆಳಿಗ್ಗೆ ಓದುಕೋಣೆಗೆ ಹೋದಾಗ ಅರ್ಧ ಬೆಂಚು ಖಾಲಿ. ಬಂದವರು ಪುಸ್ತಕ ತೆರೆದಿರಲಿಲ್ಲ. ಮೊಬೈಲುಗಳಲ್ಲಿ ಆಗಲೇ ಪರೀಕ್ಷೆ ರದ್ದಾಗಿದೆ ಎಂಬ ಗಾಳಿಮಾತು ಓಡಾಡುತ್ತಿತ್ತು.

ರೇಣುಕಾ ಅಂದು ಬರಲಿಲ್ಲ. ಸಿಂಚನಾಗೆ ಜ್ವರ, ಧಾರವಾಡದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಫೋನ್ ಮಾಡಿ ತಿಳಿದುಕೊಂಡ ಖಾಜಾಸಾಬ ಹೇಳಿದರು. ಚಹಾದ ಹೊತ್ತಿಗೆ ಆಟ ತೆರೆದರು. ಮೊದಲ ಪಾಳಿ ರೇಣುಕಾ ಅವರದು. ಖಾಜಾಸಾಬ ಬೇರೆಯವರ ನಕಾಶೆ ನೋಡಬಾರದೆಂದು ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಅಡ್ಡ ಹಿಡಿದು, ತಡವರಿಸಿ ಗುಂಡಿ ಒತ್ತಿದರು. ಮುಂದಿನದು ಮಲ್ಲುವಿನದು.

ಮಲ್ಲು ಮೌಸ್ ಹಿಡಿದವನು ಕೈ ತೆಗೆದ. ಅವನ ಬಿಲ್ಲುಗಾರರು ಅಷ್ಟರಲ್ಲಿ ಕಣಿವೆಯ ಪಕ್ಕಕ್ಕೆ ಬಂದಿದ್ದರು. ಆ ದಿನ ದಾಳಿಗೆ ಒಳ್ಳೆಯ ದಿನ.

"ಬ್ಯಾಡ ಬಿಡ್ರಿ ಕಾಕಾ," ಎಂದ. "ಆಕಿ ಕೂಸಿನ್ನ ಕರಕೊಂಡ ದವಾಖಾನ್ಯಾಗ ಕುಂತಾಳ. ನಾ ಇಲ್ಲಿ ಆಕಿ ಮಂದೀನ್ನ ಹೊಡೀಲೇನು. ಯಾರೂ ಇಲ್ಲದಾಗ ಮನಿ ಹೊಕ್ಕಂಗ ಆಕ್ಕೇತಿ."

"ಹಂಗಾದ್ರ ಆಟಾ ಬಂದ್ ಇಡೂಣೇನು?" ಎಂದ ಇರ್ಫಾನ್.

"ಬಂದ್ ಇಡಾಂಗಿಲ್ಲ," ಎಂದರು ಖಾಜಾಸಾಬ. "ಇವತ್ತ ಆಟಾ ಬಿಟ್ರ ನಾಳಿ ಓದಾಕ ಬರೋದೂ ಬಿಡ್ತೀರಿ. ಪರೀಕ್ಷಾ ಮುಂದ ಹ್ವಾದ ದಿನಾನ ಮೊದ್ಲ ಬಿಡೋ ದಿನಾ. ತೆಗದು ಪಾಳಿ ಮುಗಸ್ರಿ, ಹಾಜರಿ ಹಾಕಿದಂಗ ಆಗ್ತತಿ."

ಮಲ್ಲು ಯಾರನ್ನೂ ಕದಲಿಸದೆ ಗುಂಡಿ ಒತ್ತಿದ. ಮಲ್ಲು ಸುಮ್ಮನಿದ್ದಾಗ ತಾನು ಮಲ್ಲುವಿನ ಮೇಲೆ ಬೀಳುವುದು ಸರಿಯಲ್ಲವೆಂದು ಇರ್ಫಾನ್ ಒತ್ತಿದ. ಇಬ್ಬರು ಹುಡುಗರು ಇಷ್ಟು ಮರ್ಯಾದೆಯಿಂದ ನಡೆದುಕೊಂಡ ಮೇಲೆ ತಾವು ಹಿರಿಯರೆಂದು ಖಾಜಾಸಾಬ ಒತ್ತಿದರು. ಮೂವರೂ ಸಮಾಧಾನದಿಂದ ಚಹಾ ಕುಡಿದು ಪುಸ್ತಕಗಳಿಗೆ ಮರಳಿದರು. ಆ ವಾರ ಪೂರ್ತಿ, ಮುಂದಿನ ವಾರವೂ ಇದೇ ನಡೆಯಿತು. ಟವೆಲು, ಗುಂಡಿ, ಗುಂಡಿ, ಗುಂಡಿ. ತಮ್ಮ ನಕಾಶೆಯನ್ನೂ ಯಾರೂ ಸರಿಸಿ ನೋಡುತ್ತಿರಲಿಲ್ಲ. ನೋಡಿದರೆ ಆಸೆಯಾಗುತ್ತದೆ ಎಂದು ಇರ್ಫಾನ್ ನನಗೆ ಹೇಳಿದ.

ಪ್ರತಿ ಸಲ ಖಾಜಾಸಾಬ ಗುಂಡಿ ಒತ್ತಿದ ಮೇಲೆ ಪರದೆ ಒಂದು ಕ್ಷಣ ಕಪ್ಪಾಗುತ್ತಿತ್ತು. ಆ ಕ್ಷಣದಲ್ಲಿ ಹಸಿರು ಮಂದಿ ತಮ್ಮ ಪಾಳಿ ಆಡುತ್ತಿದ್ದರು. ಅವರಿಗೆ ರೇಣುಕಾ ಯಾರೆಂದು ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಇರ್ಫಾನ್ ಗುಂಡಿಗೆ ಬೆರಳಿಟ್ಟವನು ನಿಂತ. ಅವನ ಕೋಟೆಯ ಸುತ್ತಲಿನ ಆರೂ ಮನೆಗಳಲ್ಲಿ ಹಸಿರು ಸೈನಿಕರಿದ್ದರು.

"ಮಲ್ಲಣ್ಣಾ, ಇವ್ರು ಯಾವಾಗ ಬಂದ್ರಲೇ?"

ಮಲ್ಲು ಬಂದು ನೋಡಿದ. ಕಟ್ಟಳೆಯನ್ನು ಆ ದಿನ ಯಾರೂ ಪಾಲಿಸಲಿಲ್ಲ. ಅಡವಿಯವರ ಊರುಗಳೆಲ್ಲ ಹಸಿರಾಗಿದ್ದವು. ದಾಳಿಗೆಂದು ಬಯಲಿನಲ್ಲಿ ಸಾಲಾಗಿ ಹೊರಟಿದ್ದ ಬಿಲ್ಲುಗಾರರನ್ನು ಹಿಂದಿನಿಂದ ಒಬ್ಬೊಬ್ಬರನ್ನಾಗಿ ಮುಗಿಸಿದ್ದರು. ಕುದುರೆಗಳು ಹೊಳೆ ದಾಟುವ ಅರ್ಧದಲ್ಲಿ ನಿಂತಿದ್ದವು, ನೀರಿನಲ್ಲೇ ಹೋದವು. ಎಲುಬಿನವರಲ್ಲಿ ಮುದಿ ನಾಯಕನ ಬಳಿ ಬೆರಳೆಣಿಕೆಯಷ್ಟು ಮಂದಿ. ಬೆಂಚುಗಳಿಂದ ತಲೆಗಳು ಎದ್ದವು. ಯಾರೋ ಕೆಮ್ಮಿದರು.

"ನಾವೆಲ್ಲಾ ಮರ್ಯಾದಿ ಕೊಡಕೋತ ಕುಂತ್ವಿ," ಎಂದರು ಖಾಜಾಸಾಬ ನಿಧಾನವಾಗಿ. "ಮಷೀನಿಗೆ ಹೇಳೋದ ಮರತ್ವಿ."

ಕೊನೆಗೆ ಅವರು ಟವೆಲ್ ಇಲ್ಲದೆ ರೇಣುಕಾ ಅವರ ನಕಾಶೆ ತೆರೆದರು. ಕಣಿವೆಯ ಬಾಯಿಗೆ ಹಸಿರು ದಂಡು ಬಂದು ಅಪ್ಪಳಿಸಿತ್ತು. ಗಂಗವ್ವ, ದ್ಯಾಮವ್ವ ಗಾಯಗೊಂಡಿದ್ದರು. ಆದರೆ ಸಾಲು ಮುರಿದಿರಲಿಲ್ಲ. ಕುಳ್ಳರು ಗುಡ್ಡದಲ್ಲಿ ನಿಂತಿದ್ದರಿಂದ ಬಂದ ಪೆಟ್ಟು ಅರ್ಧಕ್ಕರ್ಧ ತಪ್ಪುತ್ತಿತ್ತು. ಜೋಡಿಯಾಗಿದ್ದರಿಂದ ಯಾರನ್ನೂ ಸುತ್ತುವರಿಯಲಾಗಿರಲಿಲ್ಲ. ಕದಲದೆ ಇದ್ದವರಿಗೆ ಪ್ರತಿ ಪಾಳಿಯಲ್ಲೂ ಗಾಯ ಒಂದಿಷ್ಟು ತಾನಾಗಿ ಮಾಯುತ್ತದೆ. ಅಷ್ಟು ದಿನ ಅವರನ್ನು ಯಾರೂ ನೋಡಿಕೊಂಡಿರಲಿಲ್ಲ. ನಡುವೆ ನೀಲವ್ವ ಎಂಬ ಹೆಸರಿನ ಅಗಲವಾದ ಕುಳ್ಳ ಕೊಡಲಿ ಹಿಡಿದು ನಿಂತಿದ್ದ. ನಾನು ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದುಕೊಂಡೆ.

ಸಿಂಚನಾ ಆಸ್ಪತ್ರೆಯಿಂದ ಮನೆಗೆ ಬಂದು ಆಗಲೇ ಕೆಲವು ದಿನಗಳಾಗಿದ್ದವು. ರೇಣುಕಾ ಮಾತ್ರ ಬಂದಿರಲಿಲ್ಲ, ಫೋನನ್ನೂ ಎತ್ತುತ್ತಿರಲಿಲ್ಲ. ಆ ವಾರದ ರಜೆಯ ದಿನ ಖಾಜಾಸಾಬ ಮೋಸಂಬಿ, ಬಿಸ್ಕೀಟು ಕಟ್ಟಿಕೊಂಡು ನನ್ನ ಬೈಕಿನ ಹಿಂದೆ ಕೂತರು. ಹೆಬ್ಬಳ್ಳಿ ದಾರಿಯಲ್ಲಿ ಎರೆಮಣ್ಣು ಚಕ್ರಕ್ಕೆ ಸುತ್ತಿಕೊಂಡು, ಮಡ್‌ಗಾರ್ಡಿನೊಳಗಿಂದ ಅದನ್ನು ಕಡ್ಡಿಯಿಂದ ಕೆದಕಿ ಕೆದಕಿ ಮುಂದೆ ಹೋದೆವು. ಎರಡೂ ಕಡೆಯ ಹೊಲಗಳಲ್ಲಿ ಹೆಸರುಕಾಳಿನ ಗಿಡ ಕೀಳುವವರು ಮೋಡ ನೋಡುತ್ತ ಅವಸರದಲ್ಲಿದ್ದರು.

ನೀಲವ್ವ ಗಲ್ಲೆಯ ಮೇಲಿದ್ದರು. ನಾವು ಕೂರುವ ಮೊದಲೇ ಹೇಳಿದರು: "ಸಾಬ್ರ, ಆಕಿ ಇನ್ನ ಬರಂಗಿಲ್ರಿ. ಪರೀಕ್ಷಾನ ರದ್ದಾತಂತಲ್ಲ."

"ನಾವು ಕೂಸಿನ್ನ ನೋಡಾಕ ಬಂದೇವಿ ಅಕ್ಕಾರ," ಎಂದರು ಖಾಜಾಸಾಬ. ನನ್ನನ್ನು ಪೇಪರಿನವರೆಂದು ಪರಿಚಯಿಸಿ, ಚೀಲವನ್ನು ಸಿಂಚನಾ ಕೈಗೆ ಕೊಟ್ಟರು. ಹುಡುಗಿ ಸೊರಗಿದ್ದಳು, ಮೋಸಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು.

ಚಹಾ ತಂದ ರೇಣುಕಾ ಅತ್ತೆಯತ್ತ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು. "ಕಾಕಾ, ಪಾಳಿ ಎಲ್ಲಿಗೆ ಬಂತ್ರಿ?"

"ಎಲ್ಲಿಗೆ ಬರೂದವಾ. ನಾವು ಮೂರೂ ಮಂದಿ ಹೋದ್ವಿ."

"ಯಾರ ಹೋದ್ರು?" ಎಂದರು ನೀಲವ್ವ, ತಕ್ಕಡಿ ಕೆಳಗಿಟ್ಟು.

ಖಾಜಾಸಾಬ ಮೊದಲಿನಿಂದ ಹೇಳಿದರು. ಗುಡ್ಡ, ಹೊಳೆ, ಕುದುರೆ, ತಮ್ಮ ಎಲುಬಿನವರು, ಟವೆಲು. ರೇಣುಕಾ ನಗು ತಡೆಯಲು ಸೆರಗು ಬಾಯಿಗೆ ಹಿಡಿದಿದ್ದರು.

"ಕಾಕಾ, ನೀವು ಗುಂಡಿ ಒತ್ತಿದ್ರ ಪಾಳಿ ಮಷೀನಿಗೆ ಹೋಗ್ತತಿ ಅಂತ ಗೊತ್ತಿದ್ದಿಲ್ಲೇನ್ರಿ?"

"ಗೊತ್ತಿತ್ತವಾ. ಅವಾಗ ನೆನಪಾಗಲಿಲ್ಲ."

"ಮತ್ತ ಈಕಿ ಮಂದಿ?" ಎಂದು ನೀಲವ್ವ ಕೇಳಿದರು. "ಅವ್ರನ್ನ ಯಾರ ನೋಡ್ಕೊಂಡ್ರು?"

"ಯಾರೂ ಇಲ್ರಿ. ಈಕಿ ನಿಲ್ಲಿಸಿ ಬಂದಂಗ ನಿಂತಾರ. ನಡುವ ನಿಮ್ಮ ಹೆಸರಿನಾಕಿ ನಿಂತಾಳ, ಕೊಡ್ಲಿ ಹಿಡಕೊಂಡು. ಆಕಿನ್ನ ದಾಟಾಕ ಯಾರಿಗೂ ಆಗಿಲ್ಲ."

ರೇಣುಕಾ ಮುಖ ಕೆಳಗೆ ಹಾಕಿದರು. ನೀಲವ್ವ ನನ್ನ ಮೊಬೈಲನ್ನು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಚಿತ್ರವನ್ನು ದೂರ ಹಿಡಿದು ನೋಡಿದರು.

"ಇದಕ್ಕ ಗಡ್ಡಾ ಐತಲ್ಲ."

"ಆ ಮಂದ್ಯಾಗ ಎಲ್ಲಾರಿಗೂ ಇರ್ತಾವ್ರಿ ಅತ್ತಿ," ಎಂದರು ರೇಣುಕಾ.

ನೀಲವ್ವ ಮೊಬೈಲು ಹಿಂತಿರುಗಿಸಲಿಲ್ಲ. "ಪೇಪರಿನಾವ್ರ, ನೀವ ಹೇಳ್ರಿ. ಪರೀಕ್ಷಾ ಖರೇ ರದ್ದಾಗೇತೋ ಇಲ್ಲೋ?"

"ರದ್ದಾಗಿಲ್ರಿ. ಮುಂದ ಹಾಕ್ಯಾರ."

"ಯಾವಾಗ ಐತಿ ಮತ್ತ?"

"ಗೊತ್ತಿಲ್ರಿ. ಹೇಳಿಲ್ಲ ಇನ್ನಾ."

"ಗೊತ್ತಿಲ್ಲ ಅಂದಾವ್ರು ನೀವೊಬ್ರ. ಬಾಕಿದವ್ರೆಲ್ಲಾ ಗೊತ್ತೈತಿ ಅಂದ್ರು," ಎಂದರು ಅವರು. ಗಿರಾಕಿಯೊಬ್ಬ ಬಂದು ಬೆಲ್ಲ ಕೇಳಿದ. ಕೊಟ್ಟು ಕಳಿಸಿದರು.

ರೇಣುಕಾ ಆಗ ಮಾತಾಡಿದರು. "ಅತ್ತಿ, ತಾರೀಖು ಬಂದ ಮ್ಯಾಲ ಓದಾಕ ಕುಂತ್ರ ಆಗಂಗಿಲ್ರಿ. ಇದ ನನ್ನ ಕಡೀ ಸಲಾ. ಇನ್ನೊಮ್ಮಿ ಅರ್ಜಿ ತಗೋಳಂಗಿಲ್ಲ."

"ಕಡೀ ಸಲಾ ಅಂತ ನನಗ್ಯಾಕ ಹೇಳಿಲ್ಲ?"

"ಪ್ರತಿ ಸಲಾನೂ ಹಂಗ ಅಂತಾಳ ಅಂತೀರೇನೋ ಅಂತ."

ನೀಲವ್ವ ಸೊಸೆಯನ್ನು ನೋಡಿದರು, ಒಳಗಿನ ಅಡುಗೆಮನೆಯ ಕಡೆ ಕೈ ಮಾಡಿದರು. "ನೀ ಮನ್ಯಾಗ ಕುಂತಾಗಿಂದ ನನಗ ಒಂದ ಡಬ್ಬಿ ಕೈಗೆ ಸಿಗವಲ್ದು. ಓದಾಕ ಹೋಗತಿದ್ದಾಗ ರೊಟ್ಟಿ, ನೀರು, ಕೂಸಿನ ಅಂಗಿ ಎಲ್ಲಾ ಇಟ್ಟ ಜಾಗಾದಾಗ ಇರ್ತಿತ್ತು. ಈಗ ದಿನಾ ಇದ್ದೂ ಯಾವ್ದೂ ಇಲ್ಲ." ಮೊಬೈಲನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ಸಿಂಚೂನ್ನ ನಾ ನೋಡ್ಕೋತೇನಿ. ನಾಳಿಂದ ಹೋಗು. ಸಂಜಿ ಬಸ್ಸು ತಪ್ಪಸಬ್ಯಾಡ."

ಮರುದಿನ ರೇಣುಕಾ ಬಂದರು. ಚಹಾದ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂತು ಬಹಳ ಹೊತ್ತು ನೋಡಿದರು. ಲೋಟದಲ್ಲಿ ಚಹಾ ಆರಿತು. ಯುದ್ಧದ ನಿಯಮ ಬದಲಾಗಿತ್ತು. ಮೂವರೂ ಅವರ ಬೆನ್ನ ಹಿಂದೆ ನಿಂತಿದ್ದರು.

"ಮಲ್ಲು, ನಿನ್ನವ್ರು ಎಷ್ಟ ಉಳದಾರ?"

"ಎಷ್ಟಂತ ಹೇಳ್ಲಿ ಅಕ್ಕಾರ, ನಾಚಿಗಿ ಬರ್ತತಿ."

"ನಾಚಿಗಿ ಆಮ್ಯಾಲ. ಉಳದವ್ರನ್ನ ನನ್ನವ್ರ ಹಿಂದ ತಂದ ನಿಲ್ಸು. ಅಲ್ಲಿಂದ ಬಾಣ ಬಿಡು. ಇರ್ಫಾನ, ನಿನ್ನ ಕುದರಿ?"

"ಒಂದ ಐತಿ. ಓಡಸ್ಲೇನು ಅಕ್ಕಾ?"

"ಬ್ಯಾಡ. ಸುಮ್ನ ನಿಲ್ಸು."

"ಸುಮ್ನ ನಿಲ್ಸೋದ ನನಗ ಬರಂಗಿಲ್ಲ."

"ಕಲಿ," ಎಂದರು ರೇಣುಕಾ.

ಮುಂದಿನ ಪಾಳಿಗಳನ್ನು ನಾನು ಒಂದನ್ನೂ ತಪ್ಪಿಸದೆ ನೋಡಿದೆ. ಯಂತ್ರಕ್ಕೆ ಒಂದು ಚಾಳಿ ಇತ್ತು: ಕಣ್ಣಿಗೆ ಕಂಡವರಲ್ಲಿ ಅತಿ ದುರ್ಬಲನ ಮೇಲೆ ಬೀಳುತ್ತಿತ್ತು. ಇದನ್ನು ರೇಣುಕಾ ಕಂಡುಕೊಂಡರು. ಗಾಯಗೊಂಡ ಶಾಂತವ್ವನನ್ನು ಕಣಿವೆಯ ಒಳಗೆ ಕಾಣುವಂತೆ ನಿಲ್ಲಿಸಿ, ನಡುವಿನ ಒಂದು ಮನೆಯನ್ನು ತೆರವು ಮಾಡಿದರು. ಹಸಿರು ಮಂದಿ ಒಬ್ಬನ ಹಿಂದೆ ಒಬ್ಬನಾಗಿ ಆ ಸಂದಿಯಲ್ಲಿ ಬಂದರು. ಎರಡೂ ಕಡೆ ಕೊಡಲಿ, ಹಿಂದೆ ಬಾಣ, ಬಾಗಿಲಲ್ಲಿ ಖಾಜಾಸಾಬರ ಕೊನೆಯ ಎಲುಬಿನವರು. ಶಾಂತವ್ವನಿಗೆ ಪೆಟ್ಟು ಬೀಳುವ ಮೊದಲೇ ಪ್ರತಿ ಸಲ ಹಿಂದಕ್ಕೆ ಕರೆದುಕೊಳ್ಳುತ್ತಿದ್ದರು. ಗೆಲ್ಲುವ ಅವಸರವನ್ನು ಒಂದು ಪಾಳಿಯಲ್ಲೂ ನಾನು ಕಾಣಲಿಲ್ಲ. ಆ ಮಳೆಗಾಲದಲ್ಲಿ ನಾನು ನೋಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದು. ನಮ್ಮ ಪುಟಗಳನ್ನೂ ಸೇರಿಸಿ ಹೇಳುತ್ತಿದ್ದೇನೆ. ಆಡಿ ಎದ್ದ ರೇಣುಕಾ ಹೋಗಿ ಪುಸ್ತಕ ತೆರೆಯುತ್ತಿದ್ದರು, ಸಂಜೆಯ ಬಸ್ಸಿನವರೆಗೆ ತಲೆ ಎತ್ತುತ್ತಿರಲಿಲ್ಲ.

ನವರಾತ್ರಿಗೆ ಮುನ್ನ ಹಸಿರು ಮಂದಿಯ ಕೋಟೆ ಬಿತ್ತು. ಉಳಿದ ಮೂವರನ್ನು ರೇಣುಕಾ ಮುಟ್ಟಲಿಲ್ಲ. ಯುದ್ಧ ಮುಗಿದಿದೆಯೆಂದು ಆಟಕ್ಕೆ ತಿಳಿಯಲಿಲ್ಲ. ಒಬ್ಬರೇ ಉಳಿಯುವವರೆಗೂ ಅದು ಪಾಳಿ ಕೇಳುತ್ತದೆ. ಖಾಜಾಸಾಬ ಅದನ್ನು ಮುಚ್ಚಿ, ಹಾಲ್ ಟಿಕೆಟ್ ಮುದ್ರಿಸುವ ಕೆಲಸಕ್ಕೆ ಕಂಪ್ಯೂಟರನ್ನು ಬಿಟ್ಟುಕೊಟ್ಟರು. ಹೊಸ ದಿನಾಂಕ ಬಂದಿತ್ತು.

ರೇಣುಕಾ ಹುಬ್ಬಳ್ಳಿಯ ಕೇಂದ್ರವೊಂದರಲ್ಲಿ ಪರೀಕ್ಷೆ ಬರೆದರು. ಮುಂದಿನ ವರ್ಷ ಆಯ್ಕೆ ಪಟ್ಟಿ ಪ್ರಕಟವಾಯಿತು. ಅದರಲ್ಲಿ ಅವರ ಹೆಸರಿರಲಿಲ್ಲ. ಇರ್ಫಾನ್ ಅಷ್ಟರಲ್ಲಿ ಕಾನ್‌ಸ್ಟೆಬಲ್ ಆಗಿ ತರಬೇತಿಗೆ ಹೋಗಿದ್ದ, ಮಲ್ಲು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದ್ದ. ರೇಣುಕಾ ಓದುಕೋಣೆಯ ಜಾಗ ಬಿಟ್ಟು ಅಂಗಡಿಯಲ್ಲಿ ಕೂತರು. ಪುಸ್ತಕಗಳನ್ನು ಖಾಜಾಸಾಬರ ಬಳಿಯೇ ಬಿಟ್ಟಿದ್ದರು, ಯಾರಿಗಾದರೂ ಬೇಕಾದರೆ ಕೊಡಿ ಎಂದು. ಖಾಜಾಸಾಬ ಯಾರಿಗೂ ಕೊಡಲಿಲ್ಲ.

ಆಯ್ಕೆಯಾದ ಕೆಲವರು ಕೆಲಸಕ್ಕೆ ಹಾಜರಾಗದ ಕಾರಣ ಹೆಚ್ಚುವರಿ ಪಟ್ಟಿ ಬಂತು. ಅದರಲ್ಲಿ ರೇಣುಕಾ ಅವರ ಹೆಸರನ್ನು ಮೊದಲು ನೋಡಿದವರು ಖಾಜಾಸಾಬ. ಮೊನ್ನೆ ನಾನು ಮೆಟ್ಟಿಲು ಹತ್ತಿ ಒಳಗೆ ಹೋದಾಗ ಅವರು ಬೆಸುಗೆ ಕಡ್ಡಿ ಕೆಳಗಿಟ್ಟು, ಕುರ್ಚಿ ತೋರಿಸಿ, ಈ ಸಂಗತಿ ತಿಳಿಸಿದರು.

ಕಳೆದ ಸೋಮವಾರ ರೇಣುಕಾ ನವಲಗುಂದದ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರಾಗಿ ಕೆಲಸಕ್ಕೆ ಹಾಜರಾದರು. ನೀಲವ್ವ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋಗಿದ್ದರು. ಕಚೇರಿ ಮುಚ್ಚುವವರೆಗೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದು, ಸೊಸೆಯೊಂದಿಗೆ ಹೆಬ್ಬಳ್ಳಿಗೆ ಮರಳಿದರು.